ಮನೆಯಲ್ಲಿ ದೊಡ್ಡ ಹವಳದ ಅಕ್ವೇರಿಯಂ: ಪೈಪ್ ಕೆಲಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಯ ಮುಲುಂಡ್‌ನಲ್ಲಿ ನಾಲ್ಕನೇ ಮಹಡಿಯ ಫ್ಲ್ಯಾಟ್ ನಮ್ಮದು. ಹಾಲ್‌ನಲ್ಲಿ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಉಪ್ಪುನೀರಿನ ಟ್ಯಾಂಕ್ ಇದೆ. ಒಳಗೆ ಹವಳ, ಎರಡು ಕ್ಲೌನ್ ಮೀನು, ಒಂದು ಹಳದಿ ಟ್ಯಾಂಗ್ ಮೀನು. ಮಾಟುಂಗಾದ ಕನ್ನಡ ಕಾರ್ಯಕ್ರಮಗಳಲ್ಲಿ ಸಿಕ್ಕವರು, ಡೊಂಬಿವಲಿಯ ಗೆಳೆಯರು, ಪುಣೆಗೆ ಮನೆ ಬದಲಿಸಿದ ನೆಂಟರು, ಎಲ್ಲರೂ ಹೆಚ್ಚುಕಡಿಮೆ ಒಂದೇ ಪ್ರಶ್ನೆಗಳನ್ನು ಕೇಳುತ್ತಾರೆ. ಮೀನಿನ ಬಗ್ಗೆ ಕೇಳುವವರು ಕಡಿಮೆ. ನೀರು ಹೊರಗೆ ಬಂದರೆ ಏನು ಗತಿ ಅನ್ನುವುದೇ ಎಲ್ಲರ ಚಿಂತೆ. ಆ ಚಿಂತೆ ಸರಿಯಾದದ್ದೇ. ಅದಕ್ಕೇ ಇಲ್ಲಿ ಬರೀ ಪೈಪಿನ ವಿಷಯ ಬರೆದಿದ್ದೇನೆ. ಲೆಕ್ಕಗಳೆಲ್ಲ ನನ್ನ ಟ್ಯಾಂಕಿನ ಅಳತೆಗೆ. ನಿಮ್ಮ ಅಳತೆ ಹಾಕಿ ಮತ್ತೆ ಲೆಕ್ಕ ಮಾಡಿಕೊಳ್ಳಿ.

ಪೈಪಿನ ಯೋಚನೆ ಯಾವಾಗ ಶುರು ಮಾಡಬೇಕು?

ಗಾಜಿಗೆ ಅಡ್ವಾನ್ಸ್ ಕೊಡುವ ಮೊದಲು. ತುಂಬಾ ಜನ ಟ್ಯಾಂಕ್ ತಂದು ನಿಲ್ಲಿಸಿದ ಮೇಲೆ ಪ್ಲಂಬರ್‌ನನ್ನು ಕರೆಯುತ್ತಾರೆ. ಅಷ್ಟರಲ್ಲಿ ತೂತುಗಳ ಜಾಗ, ಸ್ಟ್ಯಾಂಡಿನ ಎತ್ತರ, ಹಿಂದಿನ ಗೋಡೆಗೆ ಬಿಡಬೇಕಾದ ಸಂದು ಎಲ್ಲ ಮುಗಿದುಹೋಗಿರುತ್ತದೆ. ಪೈಪ್ ಹಿಂದೆ ಇಳಿಯುವುದಾದರೆ ಗೋಡೆಯಿಂದ ಕನಿಷ್ಠ 6 ಇಂಚು ಬಿಡಬೇಕು. ನಿಮ್ಮ ಕೈ ಒಳಗೆ ಹೋಗಿ ಒಂದು ಯೂನಿಯನ್ (ಕೊಯ್ಯದೆ ಬಿಚ್ಚಿ ಮತ್ತೆ ಸೇರಿಸಬಹುದಾದ ಪೈಪ್ ಜೋಡಣೆ) ತಿರುಗಿಸಿ ಹೊರಗೆ ಬರಬೇಕು, ಅದೇ ಅಳತೆ.

ಒಂದು ಹಾಳೆಯ ಮೇಲೆ ಪಕ್ಕದಿಂದ ಕಂಡಂತೆ ಚಿತ್ರ ಬರೆಯಿರಿ. ನೀರಿನ ಮಟ್ಟ ಎರಡು ಗೆರೆ: ಪಂಪ್ ಓಡುವಾಗ ಎಲ್ಲಿ, ನಿಂತಾಗ ಎಲ್ಲಿ. ಈ ಎರಡನೇ ಗೆರೆ ಎಳೆಯಲು ಆಗದಿದ್ದರೆ ಪ್ಲಾನ್ ಇನ್ನೂ ಮುಗಿದಿಲ್ಲ ಅಂತಲೇ ಅರ್ಥ.

ನಮ್ಮ ಫ್ಲ್ಯಾಟಿನ ನೆಲ ಇಷ್ಟು ಭಾರ ತಡೆಯುತ್ತಾ?

ಇದು ಪೈಪಿನ ಪ್ರಶ್ನೆ ಅಲ್ಲ, ಆದರೆ ಟ್ಯಾಂಕ್ ಎಲ್ಲಿ ಕೂರುತ್ತದೋ ಅಲ್ಲಿಂದಲೇ ಪೈಪ್ ಹೊರಡಬೇಕಲ್ವಾ. 6×2×2 ಅಂದರೆ 24 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್, ಒಟ್ಟು ಸುಮಾರು 680 ಲೀಟರ್. ಉಪ್ಪುನೀರು ಲೀಟರಿಗೆ 1.025 ಕಿಲೋ, ಹಾಗಾಗಿ ನೀರೇ ಸುಮಾರು 700 ಕಿಲೋ. 15 ಮಿ.ಮೀ. ಗಾಜು 150 ಕಿಲೋ. ಕಲ್ಲು, ಮರಳು, ಸ್ಟ್ಯಾಂಡ್, ಕೆಳಗಿನ ಸಂಪಿನ ನೀರು ಸೇರಿದರೆ 1,100 ಕಿಲೋ ದಾಟುತ್ತದೆ. ಇಷ್ಟೂ ಕೂರುವುದು 12 ಚದರ ಅಡಿಯಲ್ಲಿ.

ಮನೆಯ ಕೋಣೆಗಳಿಗೆ ಐಎಸ್ 875 (ಕಟ್ಟಡ ಹೊರಬೇಕಾದ ಭಾರದ ಭಾರತೀಯ ಮಾನದಂಡ) ಹಿಡಿಯುವ ಲೆಕ್ಕ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ. ಟ್ಯಾಂಕಿನ ಕೆಳಗೆ ಅದರ ಐದು ಪಟ್ಟು ಬೀಳುತ್ತಿದೆ. ಆ 200 ಕಿಲೋ ಇಡೀ ಕೋಣೆಗೆ ಹರಡಿದ ಲೆಕ್ಕ, ಆದ್ದರಿಂದ ಸ್ಲ್ಯಾಬ್ ಕೂಡಲೇ ಬಿರುಕು ಬಿಡುತ್ತದೆ ಅಂತಲ್ಲ. ಆದರೆ ಕಟ್ಟಡದ ಡ್ರಾಯಿಂಗ್ ಹಿಡಿದು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಬಂದು ನೋಡಲೇಬೇಕು. ಬೀಮ್ ಇರುವ ಗೋಡೆಗೆ ಒತ್ತಿ ಇಡುವುದು ಒಳ್ಳೆಯದು. ಮುಂಬೈಯಲ್ಲಿ ಬಾಲ್ಕನಿಯನ್ನು ಹಾಲ್‌ಗೆ ಸೇರಿಸಿಕೊಂಡ ಮನೆಗಳು ಬಹಳ. ಆ ಸೇರಿಸಿದ ಭಾಗದಲ್ಲಿ ಟ್ಯಾಂಕ್ ಬೇಡವೇ ಬೇಡ. ಅದು ಹೊರಗೆ ಚಾಚಿಕೊಂಡ ಸ್ಲ್ಯಾಬ್.

ಸಂಪ್ ಅಂದರೇನು? ಎಷ್ಟು ದೊಡ್ಡದಿರಬೇಕು?

ನಮ್ಮೂರಲ್ಲಿ ಸಂಪ್ ಅಂದರೆ ಮನೆ ಮುಂದೆ ನೆಲದಡಿ ಇರುವ ನೀರಿನ ತೊಟ್ಟಿ. ಅಕ್ವೇರಿಯಂನವರು ಸಂಪ್ ಅನ್ನುವುದು ಸ್ಟ್ಯಾಂಡಿನೊಳಗೆ ಇಡುವ ಎರಡನೇ ಗಾಜಿನ ಟ್ಯಾಂಕಿಗೆ. ಮೇಲಿನ ನೀರು ಓವರ್‌ಫ್ಲೋ ಪೆಟ್ಟಿಗೆಯ ಅಂಚು ದಾಟಿ ಪೈಪಿನಲ್ಲಿ ಕೆಳಗೆ ಇಳಿಯುತ್ತದೆ. ಅಲ್ಲಿ ಬಟ್ಟೆಯ ಫಿಲ್ಟರ್, ಕೊಳೆಯನ್ನು ನೊರೆಯಾಗಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್, ಹೀಟರ್ ಎಲ್ಲ ದಾಟಿ ಪಂಪಿನಿಂದ ಮತ್ತೆ ಮೇಲೆ ಹೋಗುತ್ತದೆ.

ಎಷ್ಟು ದೊಡ್ಡದು ಅನ್ನುವುದಕ್ಕೆ ಉತ್ತರ ಕರೆಂಟ್ ಹೋದ ಹೊತ್ತಿನಲ್ಲಿದೆ. ಪಂಪ್ ನಿಂತ ಕೂಡಲೇ ಮೇಲಿನ ನೀರು ಸ್ವಲ್ಪ ಹೊತ್ತು ಕೆಳಗೆ ಇಳಿಯುತ್ತಲೇ ಇರುತ್ತದೆ. ಓವರ್‌ಫ್ಲೋದಿಂದ ಇಳಿಯುವುದು ಒಂದು. ನೀರನ್ನು ಮೇಲೆ ತರುವ ರಿಟರ್ನ್ ಪೈಪೇ ಉಲ್ಟಾ ಸೈಫನ್ ಆಗಿ ಎಳೆಯುವುದು ಇನ್ನೊಂದು. ಡ್ರಮ್ಮಿಗೆ ಪೈಪ್ ಹಾಕಿ ಬಾಯಲ್ಲಿ ಎಳೆದು ಬಿಡುತ್ತಾರಲ್ಲ, ಅದೇ. ಪೈಪಿನ ಬಾಯಿ ನೀರಿನಿಂದ ಮೇಲೆ ಬಂದು ಗಾಳಿ ಎಳೆಯುವ ತನಕ ಅದು ನಿಲ್ಲುವುದಿಲ್ಲ.

ನನ್ನ ಟ್ಯಾಂಕಿನಲ್ಲಿ 1 ಸೆಂ.ಮೀ. ನೀರು ಅಂದರೆ 11 ಲೀಟರ್. ರಿಟರ್ನ್ ಬಾಯಿ ನೀರಿನ ಮಟ್ಟಕ್ಕಿಂತ 2 ಸೆಂ.ಮೀ. ಕೆಳಗಿದೆ: 22 ಲೀಟರ್. ಓವರ್‌ಫ್ಲೋ ಪೆಟ್ಟಿಗೆ, ಪೈಪುಗಳಲ್ಲಿರುವ ನೀರು ಇನ್ನೊಂದು 12 ಲೀಟರ್. ಒಟ್ಟು 35 ಲೀಟರ್ ಹತ್ತಿರ. ನನ್ನ ಸಂಪ್ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಓಡುವಾಗ 23 ಸೆಂ.ಮೀ. ನೀರು ಇರುತ್ತದೆ. ಅಂಚಿನ ತನಕ ಲೆಕ್ಕ ಹಾಕದೆ 3 ಸೆಂ.ಮೀ. ಬಿಟ್ಟರೂ ಇನ್ನೂ 100 ಲೀಟರಿಗೆ ಜಾಗ ಇದೆ. ಈ ಖಾಲಿ ಜಾಗ ಕಂಡು ಸಂಪ್ ಅರ್ಧ ವೇಸ್ಟ್ ಅಂತ ಮನೆಗೆ ಬಂದವರು ಹೇಳುತ್ತಾರೆ. ಆ ಜಾಗಕ್ಕೇ ನಾನು ದುಡ್ಡು ಕೊಟ್ಟಿದ್ದು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, 2020ರ ಅಕ್ಟೋಬರ್ 12ರಂದು ಬೆಳಗ್ಗೆ ಗ್ರಿಡ್ ಕೈಕೊಟ್ಟು ಮುಂಬೈಯ ಬಹುಭಾಗಕ್ಕೆ ಕರೆಂಟ್ ಹೋಯಿತು. ಆಗ ನನ್ನ ಹತ್ತಿರ ಇದ್ದದ್ದು ಮೊದಲಿನ 4 ಅಡಿ ಟ್ಯಾಂಕ್. ರಿಟರ್ನ್ ಬಾಯಿಯನ್ನು 15 ಸೆಂ.ಮೀ. ಆಳದಲ್ಲಿ ಇಟ್ಟಿದ್ದೆ. ಸೈಫನ್ ಮುರಿಯಲಿ ಅಂತ ನೀರಿನ ಮಟ್ಟದ ಹತ್ತಿರ ಪೈಪಿಗೆ ಒಂದು ಸಣ್ಣ ತೂತು ಕೊರೆದಿದ್ದೆ. ಶುರುವಿನಲ್ಲಿ ಎರಡು ಮೂರು ಸಲ ಪಂಪ್ ಆಫ್ ಮಾಡಿ ನೋಡಿದ್ದೆ, ಸರಿಯಾಗಿಯೇ ಕೆಲಸ ಮಾಡಿತ್ತು. ಆಮೇಲೆ ನೋಡಲಿಲ್ಲ. ಅಷ್ಟರಲ್ಲಿ ಆ ತೂತಿನ ಮೇಲೆ ಗುಲಾಬಿ ಬಣ್ಣದ ಸುಣ್ಣದಂಥ ಪಾಚಿ ಕಟ್ಟಿ, ಉಗುರಿನಲ್ಲಿ ಕೆರೆದರೂ ಏಳದಷ್ಟು ಗಟ್ಟಿಯಾಗಿ ಮುಚ್ಚಿಕೊಂಡಿತ್ತು. ಕರೆಂಟ್ ಹೋದ ಹತ್ತು ನಿಮಿಷದಲ್ಲಿ 80 ಲೀಟರ್ ಕೆಳಗೆ ಬಂತು. ಸಂಪಿನಲ್ಲಿ ಅದರ ಅರ್ಧಕ್ಕೂ ಜಾಗ ಇರಲಿಲ್ಲ. ಸ್ಟ್ಯಾಂಡಿನ ಬಾಗಿಲ ಕೆಳಗಿನಿಂದ ನೀರು ಹಾಳೆಯ ಹಾಗೆ ಹರಡುತ್ತಾ ಬಂತು. ಟವೆಲ್, ಬೆಡ್‌ಶೀಟ್ ಏನು ಸಿಕ್ಕಿದರೂ ಹಾಕಿದೆವು. ಸಂಜೆ ಹೊತ್ತಿಗೆ ಕೆಳಗಿನ ಮನೆಯ ಮೌಶಿ ಬಂದು ತಮ್ಮ ಬೆಡ್‌ರೂಮಿನ ಸೀಲಿಂಗ್ ತೋರಿಸಿದರು.

ಆವತ್ತಿನಿಂದ ನನ್ನ ಲೆಕ್ಕ ಒಂದೇ: ಸೈಫನ್ ಮುರಿಯುವ ತೂತು ಇರಲಿ, ಆದರೆ ಅದು ಇಲ್ಲ ಅಂತಲೇ ತಿಳಿದು ಸಂಪ್ ಅಳೆಯಬೇಕು.

ನೀರು ಕೆಳಗೆ ಇಳಿಯಲು ಒಂದು ಪೈಪ್ ಸಾಲದಾ?

ಸಾಲುತ್ತದೆ, ಅದು ಕಟ್ಟಿಕೊಳ್ಳುವ ದಿನದವರೆಗೆ. ಒಂದು ಬಸವನಹುಳು ಸಾಕು. ಪೈಪ್ ಕಟ್ಟಿಕೊಂಡರೆ ಪಂಪ್ ನಿಲ್ಲುವುದಿಲ್ಲ, ಮೇಲೆ ನೀರು ತಳ್ಳುತ್ತಲೇ ಇರುತ್ತದೆ.

ಸಾಮಾನ್ಯವಾಗಿ ಮೂರು ಪದ್ಧತಿ ಇವೆ. ಡರ್ಸೋ ಅನ್ನುವುದು ಒಂದೇ ಪೈಪಿನದು, ಮೇಲ್ಗಡೆ ಗಾಳಿಯ ತೂತು ಇರುತ್ತದೆ. ನೀರಿನ ಜೊತೆ ಗಾಳಿಯೂ ಇಳಿಯುವುದರಿಂದ ಗುಳುಗುಳು ಸದ್ದು ಇದ್ದೇ ಇರುತ್ತದೆ. ಹರ್ಬಿ ಎರಡು ಪೈಪಿನದು: ಒಂದು ಪೂರ್ತಿ ನೀರು ತುಂಬಿ ಸೈಫನ್ ಆಗಿ ಇಳಿಯುತ್ತದೆ, ಇನ್ನೊಂದು ಆಪತ್ತಿಗೆ. ಬೀನ್ ಅನಿಮಲ್ ಮೂರು ಪೈಪಿನದು. ದೊಡ್ಡ ಟ್ಯಾಂಕಿಗೆ ನಾನು ಹೇಳುವುದು ಇದನ್ನೇ. ಇದರ ಕೆಲಸ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲ ಪೈಪಿನಲ್ಲಿ ಗಾಳಿಯೇ ಇಲ್ಲ. ಕೆಳಗೆ ಗೇಟ್ ವಾಲ್ವ್ ಇದೆ. ಅದನ್ನು ಸ್ವಲ್ಪ ಸ್ವಲ್ಪ ಮುಚ್ಚುತ್ತಾ ಬಂದರೆ ಒಂದು ಹಂತದಲ್ಲಿ ಸದ್ದು ತಟ್ಟನೆ ನಿಂತುಹೋಗುತ್ತದೆ. ನೀರು ಇಳಿಯುತ್ತಿರುವುದೇ ಗೊತ್ತಾಗುವುದಿಲ್ಲ. ಎರಡನೇ ಪೈಪ್ ಸ್ವಲ್ಪ ಮೇಲಿದೆ, ತುದಿಯಲ್ಲಿ ಗಾಳಿಗೆ ಸಣ್ಣ ಟ್ಯೂಬ್. ಮೊದಲ ಪೈಪಿಗೆ ಮಿಕ್ಕಿದ ನೀರು ಇದರ ಗೋಡೆಗೆ ಅಂಟಿಕೊಂಡು ಜಿನುಗುತ್ತಾ ಇಳಿಯುತ್ತದೆ. ಮೊದಲನೆಯದು ಕಟ್ಟಿಕೊಂಡರೆ ನೀರಿನ ಮಟ್ಟ ಏರಿ ಆ ಗಾಳಿ ಟ್ಯೂಬಿನ ಬಾಯಿ ಮುಳುಗುತ್ತದೆ. ಆಗ ಎರಡನೆಯದೇ ಸೈಫನ್ ಆಗಿ ಎಳೆಯಲು ಶುರು ಮಾಡುತ್ತದೆ. ಮೂರನೆಯದರ ಬಾಯಿ ಇನ್ನೂ ಮೇಲೆ, ಯಾವಾಗಲೂ ಒಣಗಿರುತ್ತದೆ. ಅದರಲ್ಲಿ ನೀರಿನ ಸದ್ದು ಬಂತು ಅಂದರೆ ಏನೋ ತಪ್ಪಾಗಿದೆ ಅಂತ ಅಡುಗೆಮನೆಯಲ್ಲಿದ್ದವರಿಗೂ ಗೊತ್ತಾಗುತ್ತದೆ. ಈ ಮೂರನೇ ಪೈಪಿಗೆ ಯಾವ ಕಾರಣಕ್ಕೂ ವಾಲ್ವ್ ಹಾಕಬೇಡಿ.

ಎರಡು ಸಣ್ಣ ಮಾತು. ಸೈಫನ್ ಪೈಪಿನ ತುದಿ ಸಂಪಿನ ನೀರಿನೊಳಗೆ ಒಂದು ಇಂಚು ಮುಳುಗಿದರೆ ಸಾಕು. ಜಾಸ್ತಿ ಮುಳುಗಿಸಿದರೆ ಕರೆಂಟ್ ಬಂದಾಗ ಒಳಗಿನ ಗಾಳಿ ಹೊರಗೆ ಹೋಗದೆ ಸೈಫನ್ ಹಿಡಿಯುವುದಿಲ್ಲ. ಓವರ್‌ಫ್ಲೋ ಬಾಯಿಗೆ ಜಾಲರಿ ಇಡಿ, ಬಸವನಹುಳು ಬರುವುದು ಅಲ್ಲಿಂದಲೇ.

ಯಾವ ಪೈಪ್ ತರಬೇಕು? ಅಂಗಡಿಯಲ್ಲಿ ಹತ್ತು ಥರ ತೋರಿಸುತ್ತಾರೆ.

ಇಲ್ಲಿ ಎಡವುವವರೇ ಜಾಸ್ತಿ. ಕ್ರಾಫರ್ಡ್ ಮಾರ್ಕೆಟ್‌ನಲ್ಲಿ ಅಕ್ವೇರಿಯಂ ಸಾಮಾನು ತೆಗೆದುಕೊಂಡು, ಹತ್ತಿರದ ನಾಗದೇವಿ ಸ್ಟ್ರೀಟ್‌ನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಪೈಪ್ ತೆಗೆದುಕೊಂಡು ಮನೆಗೆ ಬಂದರೆ ಒಂದಕ್ಕೊಂದು ಕೂರುವುದಿಲ್ಲ. ಕಾರಣ ಅಳತೆಯ ಪದ್ಧತಿಗಳು ಬೇರೆ ಬೇರೆ.

ಬಿಳಿ ಯುಪಿವಿಸಿ ಪೈಪ್, ಶೆಡ್ಯೂಲ್ 40 ಅಥವಾ 80 ಅಂತ ಬರೆದಿರುವುದು, ಇಂಚಿನ ಲೆಕ್ಕದ್ದು. ಅದರಲ್ಲಿ 1 ಇಂಚಿನ ಪೈಪಿನ ಹೊರಗಿನ ಅಳತೆ 33.4 ಮಿ.ಮೀ. ಹೊಲಗದ್ದೆಗೆ ಬಳಸುವ ಬೂದು ಪಿವಿಸಿ ಪೈಪ್ ಮಿ.ಮೀ. ಲೆಕ್ಕದ್ದು: 32 ಅಂದರೆ ಹೊರಗಿನಿಂದ ಸರಿಯಾಗಿ 32. ಕೈಯಲ್ಲಿ ಹಿಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಒಂದರ ಫಿಟ್ಟಿಂಗಿಗೆ ಇನ್ನೊಂದನ್ನು ತುರುಕಿದರೆ ಹೋಗುವುದಿಲ್ಲ, ಇಲ್ಲವೇ ಸಡಿಲ ಕೂರುತ್ತದೆ. ಸಡಿಲ ಕೂತದ್ದನ್ನು ಸಲ್ಯೂಶನ್ ಜಾಸ್ತಿ ಹಾಕಿ ಅಂಟಿಸುತ್ತಾರೆ. ಆ ಜಾಯಿಂಟ್ ಒಂದು ದಿನ ಬಿಟ್ಟುಕೊಡುತ್ತದೆ. ಬಿಸಿನೀರಿಗೆ ಹಾಕುವ ಕೆನೆ ಬಣ್ಣದ ಸಿಪಿವಿಸಿ ಮೂರನೆಯದು. ಅದರಲ್ಲಿ 1 ಇಂಚು ಅಂದರೆ ಹೊರಗೆ 28.6 ಮಿ.ಮೀ. ಹೊರದೇಶದ ಪಂಪ್, ಯೂನಿಯನ್‌ಗಳಲ್ಲಿ ಇಂಚಿನವೂ ಬರುತ್ತವೆ, ಮಿ.ಮೀ.ನವೂ ಬರುತ್ತವೆ. ಆದ್ದರಿಂದ ಮೊದಲು ವಾಲ್ವ್, ಯೂನಿಯನ್, ಗಾಜಿನ ತೂತಿಗೆ ಕೂರಿಸುವ ಟ್ಯಾಂಕ್ ನಿಪ್ಪಲ್ ಎಲ್ಲ ತಂದುಕೊಳ್ಳಿ. ಅವು ಯಾವ ಪದ್ಧತಿಯವು ನೋಡಿ, ಅದೇ ಪದ್ಧತಿಯ ಪೈಪ್ ತನ್ನಿ. ಕಿಸೆಯಲ್ಲಿ ಒಂದು ಫಿಟ್ಟಿಂಗ್ ಇಟ್ಟುಕೊಂಡು ಹೋಗಿ, ಅಂಗಡಿಯಲ್ಲೇ ಕೂರಿಸಿ ನೋಡಿ.

ನಾನು ಇಡೀ ಟ್ಯಾಂಕಿಗೆ ಬಿಳಿ ಯುಪಿವಿಸಿ ಹಾಕಿದ್ದೇನೆ. ಇಳಿಯುವ ಮೂರೂ ಪೈಪ್ ಒಂದೂವರೆ ಇಂಚು, ಮೇಲೇರುವುದು 1 ಇಂಚು. ಗಂಟೆಗೆ 3,400 ಲೀಟರ್ ಇಳಿಸಲು ಒಂದು ಇಂಚಿನ ಸೈಫನ್ನೇ ಹತ್ತಿರ ಹತ್ತಿರ ಸಾಕಾಗುತ್ತದೆ, ಆದರೆ ಮಿಕ್ಕುವುದು ಏನೂ ಇರುವುದಿಲ್ಲ.

ನಮ್ಮ ಪ್ಲಂಬರ್ ಮನೆಯ ನಲ್ಲಿ ಕೆಲಸ ಚೆನ್ನಾಗಿ ಮಾಡುತ್ತಾರೆ. ಅವರಿಂದಲೇ ಮಾಡಿಸಬಹುದಾ?

ಮಾಡಿಸಬಹುದು. ನನ್ನ ಕೆಲಸ ಮಾಡಿದವರು ಒಡಿಶಾದ ಕೇಂದ್ರಾಪಾಡಾ ಕಡೆಯವರು. ಮುಂಬೈಯ ತುಂಬಾ ಪ್ಲಂಬರುಗಳು ಆ ಕಡೆಯವರೇ. ಕೈ ಬಹಳ ನೇರ. ಆದರೆ ಅವರಿಗೆ ಮೊದಲೇ ಹೇಳಬೇಕಾದ ಮಾತು ಒಂದಿದೆ: ಹಿತ್ತಾಳೆ ಬೇಡ.

ಮನೆ ಕೆಲಸದಲ್ಲಿ ನಲ್ಲಿ ಕೂರುವ ಜಾಗಕ್ಕೆ ಹಿತ್ತಾಳೆ ಕೂರಿಸಿದ ಎಲ್ಬೋ (ಮೊಣಕೈ ಥರ ಬಾಗಿದ ಫಿಟ್ಟಿಂಗ್) ಹಾಕುತ್ತಾರೆ. ಗಟ್ಟಿ ಇರುತ್ತದೆ ಅಂತ. ಹೊರಗಿನಿಂದ ಪೂರಾ ಪ್ಲಾಸ್ಟಿಕ್. ಬಾಯಿಯೊಳಗೆ ಇಣುಕಿದರೆ ಮಾತ್ರ ಮರೆ, ಅಂದರೆ ಥ್ರೆಡ್, ಹಳದಿಯಾಗಿ ಹೊಳೆಯುವುದು ಕಾಣುತ್ತದೆ. ಹಿತ್ತಾಳೆಯಲ್ಲಿ ತಾಮ್ರ ಇದೆ. ಉಪ್ಪುನೀರಿಗೆ ತಾಮ್ರ ಬಿಟ್ಟುಕೊಂಡರೆ ಹವಳ, ಸೀಗಡಿ, ಬಸವನಹುಳು ಉಳಿಯುವುದಿಲ್ಲ. ಮೀನು ತಡೆದುಕೊಂಡೀತು, ಬೆನ್ನೆಲುಬಿಲ್ಲದ ಜೀವಗಳು ತಡೆಯುವುದಿಲ್ಲ. ಗನ್‌ಮೆಟಲ್ ವಾಲ್ವ್, ಜಿಐ ನಿಪ್ಪಲ್, ಲೋಹದ ಕ್ಲಿಪ್ ಯಾವುದೂ ನೀರಿಗೆ ತಾಗಬಾರದು. ನಾನು ಪ್ಲಂಬರ್ ಪಕ್ಕದಲ್ಲೇ ಕೂತು ಪ್ರತಿ ಫಿಟ್ಟಿಂಗಿನ ಒಳಗೆ ಟಾರ್ಚ್ ಹಾಕಿ ನೋಡಿದೆ. ಎರಡು ಸಿಕ್ಕವು. ಅವರು ಬೇಸರ ಮಾಡಿಕೊಳ್ಳಲಿಲ್ಲ, ಯಾಕೆ ಅಂತ ಹೇಳಿದ ಮೇಲೆ ತಾವೇ ಹುಡುಕಿ ಹುಡುಕಿ ತೆಗೆದಿಟ್ಟರು.

ಬಾಲ್ ವಾಲ್ವ್ ಸಾಕಾ, ಗೇಟ್ ವಾಲ್ವೇ ಬೇಕಾ?

ತೆರೆ ಅಥವಾ ಮುಚ್ಚು, ಅಷ್ಟೇ ಕೆಲಸ ಇರುವ ಕಡೆ ಬಾಲ್ ವಾಲ್ವ್. ಸೈಫನ್ ಪೈಪಿಗೆ ಮಾತ್ರ ಗೇಟ್ ವಾಲ್ವ್. ಬಾಲ್ ವಾಲ್ವ್ ಹಿಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ನೀರಿನ ಮಟ್ಟ ಎರಡು ಇಂಚು ಹೆಚ್ಚುಕಡಿಮೆ ಆಗುತ್ತದೆ, ಸದ್ದು ನಿಲ್ಲುವ ಹದ ಸಿಗುವುದೇ ಇಲ್ಲ. ಮಾಮೂಲಿ ಅಂಗಡಿಯಲ್ಲಿ ಗೇಟ್ ವಾಲ್ವ್ ಕೇಳಿದರೆ ಹಿತ್ತಾಳೆಯದ್ದೇ ಕೊಡುತ್ತಾರೆ. ಪಿವಿಸಿಯದ್ದನ್ನು ಅಕ್ವೇರಿಯಂ ಸಾಮಾನಿನವರಿಂದ ತರಿಸಿಕೊಳ್ಳಬೇಕು. ದುಬಾರಿ. ಒಂದೇ ಒಂದು ಸಾಕು, ಕೊಡಿ.

ಪ್ರತಿ ಪಂಪಿನ ಮುಂದೆ, ಪ್ರತಿ ವಾಲ್ವಿನ ಪಕ್ಕ ಯೂನಿಯನ್ ಹಾಕಿಸಿ. ಇಲ್ಲದಿದ್ದರೆ ಪಂಪ್ ತೊಳೆಯಬೇಕಾದಾಗ ಪೈಪನ್ನೇ ಗರಗಸದಿಂದ ಕೊಯ್ಯಬೇಕಾಗುತ್ತದೆ.

ಎನ್‌ಆರ್‌ವಿ (ನೀರನ್ನು ಒಂದೇ ಕಡೆಗೆ ಬಿಡುವ ವಾಲ್ವ್) ಹಾಕಿದರೆ ನೀರು ವಾಪಸ್ ಬರುವುದಿಲ್ಲ ಅಲ್ವಾ?

ಹೊಸದಿರುವಾಗ ಬರುವುದಿಲ್ಲ. ಆಮೇಲೆ ಒಳಗಿನ ಪಟ್ಟಿಗೆ ಪಾಚಿ, ಸುಣ್ಣ, ಕೊಳವೆಹುಳು ಕಟ್ಟಿ ಪೂರ್ತಿ ಮುಚ್ಚುವುದಿಲ್ಲ. ಅದನ್ನು ನಂಬಿ ಸಣ್ಣ ಸಂಪ್ ಮಾಡಬೇಡಿ.

ಪಂಪ್ ಎಷ್ಟು ದೊಡ್ಡದು?

ಟ್ಯಾಂಕಿನ ನೀರು ಗಂಟೆಗೆ 5 ಸಲ ಸಂಪಿಗೆ ಹೋಗಿ ಬಂದರೆ ನನ್ನ ಪ್ರಕಾರ ಸಾಕು. 680ಕ್ಕೆ 3,400 ಲೀಟರ್. ಹವಳಕ್ಕೆ ಬೇಕಾದ ಅಲೆಯ ರಭಸವನ್ನು ಟ್ಯಾಂಕಿನೊಳಗಿನ ವೇವ್‌ಮೇಕರ್ ಕೊಡುತ್ತದೆ. ಅದನ್ನು ರಿಟರ್ನ್ ಪಂಪಿನಿಂದ ಮಾಡಿಸಲು ಹೋದರೆ ಸದ್ದು, ಬಿಸಿ, ಕರೆಂಟ್ ಬಿಲ್ ಎಲ್ಲ ಜಾಸ್ತಿ.

ಪೆಟ್ಟಿಗೆ ಮೇಲೆ ಬರೆದ ಸಂಖ್ಯೆ ನೀರನ್ನು ಮೇಲೆತ್ತದೆ ಇದ್ದಾಗಿನದು. ಸಂಪಿನ ನೀರಿನಿಂದ ಟ್ಯಾಂಕಿನ ಅಂಚಿಗೆ ಒಂದೂವರೆ ಮೀಟರ್ ಹತ್ತಿರ ಎತ್ತರ ಇರುತ್ತದೆ. ಪೈಪಿನ ಪ್ರತಿ ಎಲ್ಬೋ ಒಂದಿಷ್ಟು ಒತ್ತಡ ತಿನ್ನುತ್ತದೆ. ಪಂಪಿನ ಜೊತೆ ಬರುವ ಗ್ರಾಫಿನಲ್ಲಿ 2 ಮೀಟರ್ ಎತ್ತರಕ್ಕೆ ಎಷ್ಟು ಕೊಡುತ್ತದೆ ಅಂತ ನೋಡಿ ತೆಗೆದುಕೊಳ್ಳಿ. 90 ಡಿಗ್ರಿಯ ಒಂದು ಎಲ್ಬೋ ಬದಲು 45 ಡಿಗ್ರಿಯ ಎರಡು ಹಾಕಿದರೆ ನೀರು ಸಲೀಸಾಗಿ ತಿರುಗುತ್ತದೆ. ಪಂಪ್ ಮತ್ತು ಗಟ್ಟಿ ಪೈಪಿನ ನಡುವೆ ಒಂದು ಗೇಣು ಮೆತ್ತನೆಯ ಸಿಲಿಕಾನ್ ಹೋಸ್ ಹಾಕಿ. ಪಂಪಿನ ನಡುಕ ಸ್ಟ್ಯಾಂಡಿಗೆ ಹತ್ತುವುದಿಲ್ಲ.

ಮೇಲೇರುವ ಪೈಪಿನಲ್ಲಿ ಸ್ಟ್ಯಾಂಡಿನ ಒಳಗೇ ಎರಡು ಟೀ (ಮೂರು ಬಾಯಿಯ ಫಿಟ್ಟಿಂಗ್) ಹಾಕಿಸಿ, ಬಾಲ್ ವಾಲ್ವ್ ಕೂರಿಸಿ ಮುಚ್ಚಿಡಿ. ಇವತ್ತು ಬೇಡ ಅನ್ನಿಸುತ್ತದೆ. ನಾಳೆ ನೀರು ಶುದ್ಧ ಮಾಡುವ ರಿಯಾಕ್ಟರ್, ಯುವಿ ದೀಪ ಏನಾದರೂ ಸೇರಿಸುವಾಗ ಇಡೀ ಪೈಪ್ ಬಿಚ್ಚುವುದು ತಪ್ಪುತ್ತದೆ.

ಗಾಜಿಗೆ ತೂತು ಯಾರು, ಹೇಗೆ ಕೊರೆಯಬೇಕು?

ಗಾಜಿನ ಅಂಗಡಿಯವರೇ, ಟ್ಯಾಂಕ್ ಅಂಟಿಸುವ ಮೊದಲು. ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜನ್ನು ಕೊರೆಯಲು ಆಗುವುದಿಲ್ಲ, ಪುಡಿಪುಡಿಯಾಗುತ್ತದೆ. ತೂತಿನ ಅಳತೆ ಪೈಪಿನದಲ್ಲ, ಟ್ಯಾಂಕ್ ನಿಪ್ಪಲ್ಲಿನದು. ಕಂಪನಿಯಿಂದ ಕಂಪನಿಗೆ ಬೇರೆ, ಆದ್ದರಿಂದ ನಿಪ್ಪಲ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಗಾಜಿನ ಅಂಚಿನಿಂದ ತೂತಿನ ತನಕ ಕನಿಷ್ಠ ತೂತಿನಷ್ಟೇ ಅಗಲ ಜಾಗ ಬಿಡಿ.

ರಬ್ಬರ್ ವಾಷರ್ ಕೂರುವುದು ನಿಪ್ಪಲ್ಲಿನ ತಲೆಯ ಕಡೆ, ಅಂದರೆ ನೀರಿನ ಕಡೆ. ನಟ್ಟಿನ ಕಡೆ ಹಾಕಿದರೆ ತಿರುಗಿಸುವಾಗ ಮಡಚಿಕೊಂಡು ಒಸರುತ್ತದೆ. ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಪಾನಾದಿಂದ ಕಾಲು ಸುತ್ತು. ಅದಕ್ಕಿಂತ ಜಾಸ್ತಿ ಬೇಡ.

ಜಾಯಿಂಟ್ ಸೋರದ ಹಾಗೆ ಅಂಟಿಸುವುದು ಹೇಗೆ?

ಮೊದಲು ಅಂಟಿಲ್ಲದೆ ಇಡೀ ಪೈಪನ್ನು ಜೋಡಿಸಿ ನೋಡಿ, ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಕೊಯ್ದ ಅಂಚಿನ ಪುಡಿ ಕೆರೆದು ಒರೆಸಿ. ಪೈಪಿಗೂ ಫಿಟ್ಟಿಂಗಿಗೂ ತೆಳುವಾಗಿ ಸಲ್ಯೂಶನ್ ಹಚ್ಚಿ, ಕಾಲು ಸುತ್ತು ತಿರುಗಿಸುತ್ತಾ ಒಳಗೆ ಒತ್ತಿ, ಅರ್ಧ ನಿಮಿಷ ಬಿಡದೆ ಹಿಡಿದುಕೊಳ್ಳಿ. ಬಿಟ್ಟರೆ ಪೈಪ್ ತಾನೇ ಹೊರಗೆ ಜಾರುತ್ತದೆ. ಒಂದು ಪೂರ್ತಿ ದಿನ ಒಣಗಲಿ. ಜುಲೈ ತಿಂಗಳ ಮಳೆಯಲ್ಲಿ ಮಾಡುವುದಾದರೆ ಎರಡು ದಿನ.

ಆಮೇಲೆ ಮಾಮೂಲಿ ನಲ್ಲಿ ನೀರು ತುಂಬಿಸಿ ಎರಡು ದಿನ ಓಡಿಸಿ. ಪ್ರತಿ ಜಾಯಿಂಟಿನ ಕೆಳಗೆ ಟಿಶ್ಯೂ ಪೇಪರ್ ಸುತ್ತಿಡಿ. ಕಣ್ಣಿಗೆ ಕಾಣದ ಹನಿಯೂ ಅದರಲ್ಲಿ ಕಾಣುತ್ತದೆ. ಇದೇ ಹೊತ್ತಿನಲ್ಲಿ ಪಂಪಿನ ಸ್ವಿಚ್ ಆಫ್ ಮಾಡಿ, ಸಂಪ್ ಮುಂದೆ ಕೂತು ನೀರು ಏರಿ ನಿಲ್ಲುವುದನ್ನು ನೋಡಿ. ನಿಂತ ಮಟ್ಟಕ್ಕೆ ಟೇಪ್ ಅಂಟಿಸಿ. ಆನ್ ಮಾಡಿ. ಮತ್ತೆ ಆಫ್. ಐದಾರು ಸಲ ಮಾಡಿ. ಪ್ರತಿ ಸಲ ಅದೇ ಟೇಪಿಗೆ ಬಂದು ನಿಂತರೆ ಉಪ್ಪು ತರಲು ಹೋಗಬಹುದು.

ಚಿಲ್ಲರ್ ಬೇಕೇ ಬೇಕಾ? ಅದರ ಪೈಪ್ ಎಲ್ಲಿಂದ?

ಹವಳಕ್ಕೆ 25, 26 ಡಿಗ್ರಿ ಹಿತ. ನಮ್ಮ ಹಾಲ್ ಮೇ ತಿಂಗಳಲ್ಲಿ ಅದಕ್ಕಿಂತ ಎಷ್ಟೋ ಮೇಲಿರುತ್ತದೆ. ಫ್ಯಾನ್ ಬೀಸಿ ನೀರು ಆವಿಯಾಗಿಸಿ ತಣ್ಣಗೆ ಮಾಡುವ ಉಪಾಯ ಪುಣೆಯ ಒಣ ಹವೆಯಲ್ಲಿ ನಡೆಯುತ್ತದೆ. ಮುಂಬೈ, ಗೋವಾದ ಮಳೆಗಾಲದ ಜಿಗುಟು ಹವೆಯಲ್ಲಿ ನೀರು ಆವಿಯಾಗುವುದೇ ಕಷ್ಟ. ಆದ್ದರಿಂದ ಇಲ್ಲಿ ಚಿಲ್ಲರ್ ಬೇಕು.

ಸಂಪಿನಲ್ಲಿ ಅದಕ್ಕೇ ಒಂದು ಬೇರೆ ಸಣ್ಣ ಪಂಪ್ ಇಟ್ಟು, ನೀರು ಚಿಲ್ಲರ್‌ಗೆ ಹೋಗಿ ಸಂಪಿಗೇ ವಾಪಸ್ ಬರುವ ಹಾಗೆ ಮಾಡಿ. ಚಿಲ್ಲರ್ ಕೆಟ್ಟರೂ ಮುಖ್ಯ ಪಂಪ್ ಓಡುತ್ತಿರುತ್ತದೆ. ಸ್ಟ್ಯಾಂಡಿನೊಳಗೆ ಚಿಲ್ಲರ್ ಇಡಬೇಡಿ. ಅದು ಉಗುಳುವ ಬಿಸಿಗಾಳಿ ಅಲ್ಲೇ ಸುತ್ತುತ್ತದೆ. ನಾನು ಮಳೆ ಬೀಳದ ಬಾಲ್ಕನಿ ಮೂಲೆಯಲ್ಲಿಟ್ಟು ಗೋಡೆಯಲ್ಲಿ ಪೈಪ್ ದಾಟಿಸಿದ್ದೇನೆ. ಸ್ಪ್ಲಿಟ್ ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಇದಕ್ಕೂ ಸುತ್ತಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಪೈಪ್ ಬೆವರಿ ನೆಲ ಒದ್ದೆಯಾಗಿ, ಎಲ್ಲಿ ಸೋರುತ್ತಿದೆ ಅಂತ ಎರಡು ದಿನ ಹುಡುಕಬೇಕಾಗುತ್ತದೆ.

ಬಿಎಂಸಿ (ಮುಂಬೈ ಪಾಲಿಕೆ) ನೀರು ಚೆನ್ನಾಗಿದೆಯಲ್ಲ, ನೇರ ಹಾಕಬಹುದಾ?

ಕುಡಿಯಲು ಚೆನ್ನಾಗಿದೆ. ತಾನ್ಸಾ, ಭಾತ್ಸಾ, ವೈತರಣಾ ಕಡೆಯ ಕೆರೆಗಳ ಮೆದು ನೀರು. ಆದರೆ ಕ್ಲೋರಿನ್ ಇದೆ, ಕಟ್ಟಡದ ಹಳೇ ಪೈಪ್, ಹಿತ್ತಾಳೆ ವಾಲ್ವ್ ದಾಟಿ ಬಂದಿರುತ್ತದೆ. ಹವಳಕ್ಕೆ ಆರ್‌ಓ ಆಗಿ, ಆಮೇಲೆ ಉಳಿದ ಲವಣ ಹಿಡಿಯುವ ಡಿಐ ರೆಸಿನ್ ದಾಟಿ, ಟಿಡಿಎಸ್ (ನೀರಿನಲ್ಲಿ ಕರಗಿರುವ ಅಂಶ) ಸೊನ್ನೆ ತೋರಿಸುವ ನೀರೇ ಬೇಕು.

ಆರ್‌ಓ ಮೆಂಬ್ರೇನಿಗೆ ಮೂರೂವರೆ, ನಾಲ್ಕು ಬಾರ್ ಒತ್ತಡ ಬೇಕು. ಕಟ್ಟಡದ ಮೇಲಿನ ನೀರಿನ ಟಾಕಿಯಿಂದ (ತೊಟ್ಟಿಯಿಂದ) 10 ಮೀಟರ್ ಕೆಳಗಿದ್ದರೆ ಸಿಗುವುದು 1 ಬಾರ್. ಕೊನೇ ಮಹಡಿಯವರಿಗೆ ಅದೂ ಇಲ್ಲ. ಹಾಗಾಗಿ ಬೂಸ್ಟರ್ ಪಂಪ್ ಇರಲಿ. ತುಂಬುವ ಡ್ರಮ್ಮಿಗೆ ಫ್ಲೋಟ್ ವಾಲ್ವ್ ಹಾಕದೆ ಆರ್‌ಓ ಆನ್ ಮಾಡಿ ಮಲಗಲೇಬೇಡಿ.

ಆವಿಯಾದ ನೀರನ್ನು ತಾನಾಗಿ ತುಂಬುವ ಎಟಿಓ ಇಟ್ಟರೆ ಎರಡು ವಿಷಯ ನೋಡಿಕೊಳ್ಳಿ. ಅದರ ಟ್ಯೂಬಿನ ತುದಿ ಸಂಪಿನ ನೀರಿಗೆ ಮುಳುಗಬಾರದು, ಮುಳುಗಿದರೆ ಅಲ್ಲೂ ಸೈಫನ್. ಅದರ ಡಬ್ಬ 40 ಲೀಟರಿಗಿಂತ ದೊಡ್ಡದು ಬೇಡ. ಸ್ವಿಚ್ ಅಂಟಿಕೊಂಡು ಪೂರ್ತಿ ಸುರಿದರೂ ಸಂಪ್ ತುಂಬಿ ಹರಿಯಬಾರದು, ಉಪ್ಪಿನಂಶ ಸಾವಿರಕ್ಕೆ 35ರಿಂದ 33ರ ಕೆಳಗೆ ಇಳಿಯಬಾರದು.

ಸಮುದ್ರ ಪಕ್ಕದಲ್ಲೇ ಇದೆ. ಜುಹೂ ನೀರು ತರಬಾರದಾ?

ಬೇಡ. ಕೆಸರು, ಚರಂಡಿ ನೀರು, ಮಳೆಗಾಲದಲ್ಲಿ ಉಪ್ಪೂ ಕಡಿಮೆ.

ನೀರು ಬದಲಿಸುವಾಗ ಹಳೇ ನೀರು ಎಲ್ಲಿಗೆ?

ಬಾತ್‌ರೂಮಿನ ನಹಾನಿ ಟ್ರ್ಯಾಪಿಗೆ. ರಿಟರ್ನ್ ಪೈಪಿನ ಒಂದು ಟೀಗೆ ಹೋಸ್ ಸಿಕ್ಕಿಸಿ, ವಾಲ್ವ್ ತೆರೆದರೆ ಪಂಪೇ ಹೊರಗೆ ಹಾಕುತ್ತದೆ. ಬಕೆಟ್ ಹೊರುವ ಕೆಲಸವಿಲ್ಲ. ನಾನು 70 ಲೀಟರ್ ತೆಗೆದು, ಡ್ರಮ್ಮಿನಲ್ಲಿ ಎರಡೂವರೆ ಕಿಲೋ ಉಪ್ಪು ಕಲಸಿಟ್ಟ ಹೊಸ ನೀರು ಹಾಕುತ್ತೇನೆ. ಮುಗಿದ ಮೇಲೆ ಮೋರಿಗೆ ಎರಡು ಬಕೆಟ್ ಸಿಹಿನೀರು ಸುರಿಯಿರಿ. ಈ ನೀರನ್ನು ತುಳಸಿ ಕುಂಡಕ್ಕೆ, ಗಿಡಕ್ಕೆ ಹಾಕಬೇಡಿ.

ಸ್ವಿಚ್ ಬೋರ್ಡ್ ಎಲ್ಲಿ?

ಸಂಪಿನ ಮೇಲೆ ಅಲ್ಲ, ಪಕ್ಕದ ಗೋಡೆಯಲ್ಲಿ ಎತ್ತರಕ್ಕೆ. ಪ್ರತಿ ವೈರ್ ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮತ್ತೆ ಮೇಲೇರಲಿ, ಹನಿ ಅಲ್ಲೇ ಬೀಳುತ್ತದೆ. 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದೆ ಕೈ ನೀರಿಗೆ ಹಾಕಬೇಡಿ.

ಸೊಸೈಟಿಗೆ ಹೇಳಬೇಕಾ?

ಹೇಳಿ. ಎಂಜಿನಿಯರ್ ಕೊಟ್ಟ ಕಾಗದ ಜೊತೆಗಿಡಿ. ಕೆಳಗಿನ ಮನೆಯವರಿಗೂ ನೀವೇ ಹೋಗಿ ಹೇಳಿ. ಸಿಹಿನೀರು ಸೋರಿದರೆ ಬಣ್ಣ ಹೋಗುತ್ತದೆ. ಉಪ್ಪುನೀರು ಸ್ಲ್ಯಾಬಿಗೆ ಇಳಿದರೆ ಒಳಗಿನ ಕಬ್ಬಿಣದ ಸರಳಿಗೆ ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟ್ ಒಡೆಯುತ್ತದೆ. ಅದು ಇಡೀ ಕಟ್ಟಡದ ವಿಷಯ. ಅದಕ್ಕೇ ಸಂಪಿನ ಕೆಳಗೆ ನಾಲ್ಕು ಇಂಚು ಅಂಚಿರುವ ಫೈಬರ್ ಟ್ರೇ ಮಾಡಿಸಿ, ಅದರೊಳಗೆ ನೀರು ತಾಗಿದರೆ ಕೂಗುವ ಅಲಾರ್ಮ್ ಇಡಿ. ಮೌಶಿಯ ಸೀಲಿಂಗ್ ಸರಿ ಮಾಡಿಸಿಕೊಟ್ಟ ಮೇಲೆ, ಹೊಸ ಟ್ಯಾಂಕ್ ಕೂರಿಸಿದಾಗ ನಾನು ಅವರನ್ನು ಮೇಲೆ ಕರೆದು ಟ್ರೇ, ಸಂಪ್, ಟೇಪಿನ ಗುರುತು ಎಲ್ಲ ತೋರಿಸಿದೆ. ಒಂದು ಸಲ ಪಂಪ್ ಆಫ್ ಮಾಡಿಯೂ ತೋರಿಸಿದೆ. ನೀರು ಟೇಪಿಗೆ ಬಂದು ನಿಂತದ್ದನ್ನು ಅವರು ಬಗ್ಗಿ ನೋಡಿದರು.

ಯಾವ ಹವಳ ಬೇಕಾದರೂ ಇಡಬಹುದಾ?

ಇಲ್ಲ. ದಂಡೆ ಕಟ್ಟುವ ಗಟ್ಟಿ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿಗೆ ಸೇರಿಸಲಾಗಿದೆ. ಕಡಲ ಕುದುರೆಯೂ ಹಾಗೇ. ನಮ್ಮ ಕಡಲಿನಿಂದ ಕಿತ್ತು ತಂದದ್ದನ್ನು ಕೊಳ್ಳುವುದು ಅಪರಾಧ. ಹೊರದೇಶದಿಂದ ಬಂದದ್ದಕ್ಕೆ ಆಮದಿನ ಕಾಗದ ಕೇಳಿ ಪಡೆಯಿರಿ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕಾಗುವ ಜೀವಿಯಾದರೆ ಮಾಡಿಸಿ. ಕಾಗದ ಕೊಡದವರ ಹತ್ತಿರ ಏನೂ ತೆಗೆದುಕೊಳ್ಳಬೇಡಿ. ಲಕ್ಷದ್ವೀಪದ, ಮನ್ನಾರ್ ಕೊಲ್ಲಿಯ ಹವಳ ಅಲ್ಲೇ ಇರಲಿ.

ಊರಿಗೆ ಹೋಗುವಾಗ ಏನು ಮಾಡಬೇಕು?

ಚೌತಿಗೆ, ಮೇ ರಜೆಗೆ ನಾವೆಲ್ಲ ಹತ್ತು ದಿನ ಊರಿಗೆ ಹೋಗುವವರೇ. ಹೊರಡುವ ವಾರ ಸೈಫನ್ ಮುರಿಯುವ ತೂತಿಗೆ ಹಲ್ಲುಕಡ್ಡಿ ಹಾಕಿ ಕೆರೆಯಿರಿ, ಓವರ್‌ಫ್ಲೋ ಜಾಲರಿ ಬ್ರಶ್ ಮಾಡಿ, ಪಂಪ್ ಆಫ್ ಮಾಡಿ ಟೇಪಿನ ಮಟ್ಟ ನೋಡಿ. ಹೊರಡುವ ದಿನ ಹೊಸದಾಗಿ ಏನನ್ನೂ ತಿರುಗಿಸಬೇಡಿ. ಹದಕ್ಕೆ ಕೂತ ಗೇಟ್ ವಾಲ್ವನ್ನಂತೂ ಮುಟ್ಟಲೇಬೇಡಿ.

ವಾಲ್ವುಗಳಿಗೆ 1, 2, 3 ಅಂತ ನಂಬರ್ ಬರೆದು, ಸ್ಟ್ಯಾಂಡಿನ ಬಾಗಿಲ ಒಳಗಡೆ ಒಂದು ಫೋಟೋ ಅಂಟಿಸಿ. ಕೆಳಗೆ ಮೂರು ಸಾಲು ಬರೆಯಿರಿ: ಅಲಾರ್ಮ್ ಕೂಗಿದರೆ ಯಾವ ಸ್ವಿಚ್ ಆಫ್, ಯಾವ ವಾಲ್ವ್ ಮುಚ್ಚಬೇಕು, ಯಾರಿಗೆ ಫೋನ್ ಮಾಡಬೇಕು. ನಮ್ಮ ಮನೆಯಲ್ಲಿ ಆ ಸಾಲುಗಳು ಮರಾಠಿಯಲ್ಲಿವೆ. ಬೀಗದ ಕೈ ಕೊಟ್ಟು ಹೋಗುವುದು ಕೆಳಗಿನ ಮನೆಯ ಮೌಶಿಗೆ.